ನಲ್ಲಿಯಿಂದ ಲೋಟದವರೆಗೆ: ನೀರು, ಬ್ಯಾಕ್ಟೀರಿಯಾ ಮತ್ತು ನಮ್ಮ ಮಕ್ಕಳ ಹೊಟ್ಟೆ

ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಸೂಟ್‌ಕೇಸುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಊರಿಗೆ ಹೋಗುವ ಸಂಭ್ರಮ ಮಕ್ಕಳಿಗೆ. ತಾಯ್ತಂದೆಯರ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು. ಹೋದ ಮೂರನೆಯ ದಿನವೇ ಮಗುವಿಗೆ ವಾಂತಿ-ಭೇದಿ ಶುರುವಾದರೆ? ಈ ಅಳುಕು ಸುಮ್ಮನೆ ಹುಟ್ಟಿದ್ದಲ್ಲ. ಇಲ್ಲಿ ರಜೆ ಇರುವುದು ಜೂನ್‌ನಿಂದ ಆಗಸ್ಟ್ ನಡುವೆ. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಮುಂಗಾರು ಮಳೆ. ನೀರಿಗೆ ಕೊಳಕು ಸೇರಲು ಅತಿ ಅನುಕೂಲವಾದ ಕಾಲಕ್ಕೇ ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ.

ನಮ್ಮ ಮಕ್ಕಳಿಗೆ ಭೇದಿ ಎಂದರೆ ಹೆಚ್ಚಾಗಿ ನಾಲ್ಕು ದಿನದ ತೊಂದರೆ. ಜಗತ್ತಿನ ಎಲ್ಲ ಮಕ್ಕಳಿಗೂ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಐದು ವರ್ಷದೊಳಗಿನ ಸುಮಾರು 4 ಲಕ್ಷ 40 ಸಾವಿರ ಮಕ್ಕಳು ಪ್ರತಿ ವರ್ಷ ಭೇದಿಯಿಂದ ಸಾಯುತ್ತಾರೆ. ನಮ್ಮ ನಾಡಿನಲ್ಲೇ 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಮತ್ತು ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಈ ರೋಗ ಹೇಗೆ ಬರುತ್ತದೆ, ಹೇಗೆ ತಡೆಯಬಹುದು, ಬಂದರೆ ಏನು ಮಾಡಬೇಕು ಎಂಬುದನ್ನು ಮನೆಮಂದಿಗೆಲ್ಲ ತಿಳಿಯುವ ಹಾಗೆ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ರೋಗಾಣುಗಳ ಪರಿಚಯ

ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ನೀರಾಗಿ ಹೊರಕ್ಕೆ ಹೋದರೆ ಅದನ್ನು ಭೇದಿ ಎನ್ನುತ್ತಾರೆ. ಎಲ್ಲ ಭೇದಿಗೂ ಬ್ಯಾಕ್ಟೀರಿಯಾ ಕಾರಣವಲ್ಲ. ಚಿಕ್ಕ ಮಕ್ಕಳಲ್ಲಿ ರೋಟಾವೈರಸ್ ಎಂಬ ವೈರಸ್, ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಕೂಡ ದೊಡ್ಡ ಕಾರಣಗಳೇ. ಆಫ್ರಿಕಾ ಮತ್ತು ಏಷ್ಯಾದ ಏಳು ಕಡೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ (ಕೋಲ್ಕತ್ತವೂ ಅದರಲ್ಲಿತ್ತು) ಮಕ್ಕಳ ತೀವ್ರ ಭೇದಿಗೆ ಈ ಎರಡರ ಜೊತೆಗೆ ಮುಖ್ಯ ಕಾರಣಗಳಾಗಿ ಕಂಡುಬಂದದ್ದು ಎರಡು ಬ್ಯಾಕ್ಟೀರಿಯಾಗಳು: ವಿಷ ತಯಾರಿಸುವ ಒಂದು ಬಗೆಯ ಇ. ಕೋಲೈ ಮತ್ತು ಶಿಗೆಲ್ಲಾ. ಊರಿಗೆ ಹೋದ ಪ್ರವಾಸಿಗರ ಹೊಟ್ಟೆ ಕೆಡಿಸುವುದರಲ್ಲಿಯೂ ಈ ವಿಷದ ಇ. ಕೋಲೈಗೆ ಅಗ್ರಸ್ಥಾನ.

ಇ. ಕೋಲೈ ಎಂದ ಕೂಡಲೇ ಹೆದರಬೇಕಿಲ್ಲ. 1885ರಲ್ಲಿ ಥಿಯೊಡೋರ್ ಎಷೆರಿಶ್ ಎಂಬ ಜರ್ಮನ್-ಆಸ್ಟ್ರಿಯನ್ ಮಕ್ಕಳ ವೈದ್ಯರು ಇದನ್ನು ಮೊದಲು ವರ್ಣಿಸಿದ್ದು ಆರೋಗ್ಯವಂತ ಶಿಶುಗಳ ಮಲದಲ್ಲಿ. ನಮ್ಮೆಲ್ಲರ ಕರುಳಿನಲ್ಲೂ ಇದರ ಸಾಧು ತಳಿಗಳು ವಾಸವಾಗಿವೆ. ಆದ್ದರಿಂದಲೇ ನೀರಿನ ಪರೀಕ್ಷೆಯಲ್ಲಿ ಇ. ಕೋಲೈ ಸಿಕ್ಕಿದರೆ ಅದರ ಅರ್ಥ ಒಂದೇ: ಈ ನೀರಿಗೆ ಎಲ್ಲೋ ಮಲ ಸೇರಿದೆ. ಮಲ ಸೇರಿದ ಮೇಲೆ ಅದರ ಹಿಂದೆಯೇ ಟೈಫಾಯಿಡ್, ಕಾಲರಾ, ರಕ್ತಭೇದಿಯ ರೋಗಾಣುಗಳೂ ಬರಬಹುದು.

ಇವು ರೋಗ ತರುವ ಬಗೆ ಬೇರೆ ಬೇರೆ. ಕಾಲರಾ ಮತ್ತು ವಿಷದ ಇ. ಕೋಲೈ ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಬಿಡುತ್ತವೆ. ಆಗ ಕರುಳು ಸೋರುವ ನಲ್ಲಿಯಂತಾಗಿ ದೇಹದ ನೀರು, ಉಪ್ಪು ಹೊರಕ್ಕೆ ಹರಿಯುತ್ತದೆ. ಕಾಲರಾ ಹೀಗೆ ವಿಷದಿಂದ ಕೆಲಸ ಮಾಡುತ್ತದೆಂದು 1959ರಲ್ಲಿ ತೋರಿಸಿದವರು ಕಲ್ಕತ್ತೆಯ ಶಂಭುನಾಥ್ ಡೇ. ಶಿಗೆಲ್ಲಾ ಕರುಳಿನ ಒಳಪದರಕ್ಕೇ ನುಗ್ಗಿ ಗಾಯ ಮಾಡುತ್ತದೆ. ಹಾಗಾಗಿ ಜ್ವರ, ಹೊಟ್ಟೆನುಲಿತ, ರಕ್ತಭೇದಿ. ಟೈಫಾಯಿಡ್‌ನ ಸಾಲ್ಮೊನೆಲ್ಲಾ ಕರುಳನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಅಲ್ಲಿ ಭೇದಿಗಿಂತ ಇಳಿಯದ ಜ್ವರವೇ ಮುಖ್ಯ ಲಕ್ಷಣ.

ಇನ್ನೊಂದು ವ್ಯತ್ಯಾಸವನ್ನೂ ನೆನಪಿಡಬೇಕು. ಆರೋಗ್ಯವಂತನಿಗೆ ಕಾಲರಾ ಬರಲು ಸಾಮಾನ್ಯವಾಗಿ ಕೋಟಿಗಟ್ಟಲೆ ರೋಗಾಣುಗಳು ಹೊಟ್ಟೆ ಸೇರಬೇಕು. ಶಿಗೆಲ್ಲಾಗೆ ಹತ್ತರಿಂದ ನೂರು ಸಾಕು. ಆದ್ದರಿಂದ ಕಾಲರಾ ಹರಡಲು ಕೆಟ್ಟ ನೀರೋ ಆಹಾರವೋ ಬೇಕು. ಶಿಗೆಲ್ಲಾಗೆ ತೊಳೆಯದ ಒಂದು ಕೈ ಇದ್ದರೂ ಆಯಿತು.

ಹುಬ್ಬಳ್ಳಿ-ಧಾರವಾಡದ ಪಾಠ

ನೀರು ಕೆಡುವುದು ಎಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮದೇ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಅವಳಿ ನಗರಕ್ಕೆ ಮಲಪ್ರಭಾ ಜಲಾಶಯದಿಂದಲೂ ನೀರಸಾಗರದಿಂದಲೂ ನೀರು ಬರುತ್ತಿತ್ತು. ಅದನ್ನು ಶುದ್ಧೀಕರಿಸಿ ಕ್ಲೋರಿನ್ ಹಾಕಿಯೇ ಬಿಡುತ್ತಿದ್ದರು. ಆದರೆ ಬಹುಪಾಲು ಬಡಾವಣೆಗಳಿಗೆ ಕೆಲವು ದಿನಗಳಿಗೊಮ್ಮೆ ಕೆಲವು ಗಂಟೆ ಮಾತ್ರ ಪೂರೈಕೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಕೆಲವು ವಾರ್ಡುಗಳಿಗೆ ಮಾತ್ರ ಹೊಸ ಪೈಪು ಹಾಕಿ, 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆಯಾಯಿತು. ಒಂದೇ ಊರು, ಒಂದೇ ಮೂಲದ ನೀರು, ಎರಡು ಬಗೆಯ ಪೂರೈಕೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ನಲ್ಲಿಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಗಾಗ ಬರುವ ನೀರಿನ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ ಇ. ಕೋಲೈ ಇತ್ತು. ನಿರಂತರ ಬರುವ ನೀರಿನಲ್ಲಿ ಕೇವಲ ಶೇ. 0.7. ಕಾರಣ ಊಹಿಸುವುದು ಕಷ್ಟವಲ್ಲ. ನೀರು ನಿಂತಾಗ ಪೈಪಿನೊಳಗೆ ಒತ್ತಡವಿರುವುದಿಲ್ಲ. ಬಿರುಕುಗಳ ಮೂಲಕ ಅಕ್ಕಪಕ್ಕದ ಚರಂಡಿಯ ನೀರು ಒಳಕ್ಕೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಆ ಕೊಳೆಯೆಲ್ಲ ಮೊದಲ ನೀರಿನಲ್ಲಿ ಮನೆಗೆ ಬರುತ್ತದೆ. ಮಳೆಗಾಲದಲ್ಲಿ ಆಗಾಗ ಬರುವ ನಲ್ಲಿಯ ನೀರು ಇನ್ನಷ್ಟು ಕೆಡುತ್ತಿತ್ತು.

ಆಯ್ಸೆ ಎರ್ಜುಮೆನ್, ಜಾಕ್ ಕಾಲ್‌ಫರ್ಡ್ ಮೊದಲಾದವರು ಐದು ವರ್ಷದೊಳಗಿನ ಮಕ್ಕಳಿದ್ದ ಸುಮಾರು 4 ಸಾವಿರ ಮನೆಗಳನ್ನು ಗಮನಿಸಿ 2015ರಲ್ಲಿ ಇನ್ನೊಂದು ವರದಿ ಪ್ರಕಟಿಸಿದರು. ನಿರಂತರ ನೀರಿದ್ದ ಕಡೆ ಟೈಫಾಯಿಡ್ ಬಂದ ಮನೆಗಳು ಶೇ. 42 ಕಡಿಮೆ. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಶೇ. 37 ಕಡಿಮೆ. ಆದರೆ ಅಚ್ಚರಿಯ ಸಂಗತಿ ಮುಂದಿದೆ. ಒಟ್ಟಾರೆ ಮಕ್ಕಳ ಭೇದಿ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ!

ನಲ್ಲಿಯಲ್ಲಿ ಒಳ್ಳೆಯ ನೀರು ಬಂದರೂ ಭೇದಿ ಏಕೆ ನಿಲ್ಲಲಿಲ್ಲ? ಒಂದು ಸುಳಿವು ಮೊದಲ ಅಧ್ಯಯನದಲ್ಲೇ ಇದೆ. ಎರಡೂ ಬಗೆಯ ಬಡಾವಣೆಗಳಲ್ಲಿ, ಮನೆಯೊಳಗೆ ತುಂಬಿಟ್ಟ ಕುಡಿಯುವ ನೀರು ನಲ್ಲಿಯ ನೀರಿಗಿಂತ ಹೆಚ್ಚು ಕೆಟ್ಟಿತ್ತು. ನಲ್ಲಿಯಿಂದ ಕೊಡ, ಕೊಡದಿಂದ ಲೋಟ, ಲೋಟದಿಂದ ಬಾಯಿ. ಆ ಹತ್ತಡಿ ದಾರಿಯಲ್ಲೇ ನೀರು ಕೆಡುತ್ತಿತ್ತು. ಇದರ ಜೊತೆಗೆ ಅಂಗಳ, ಚರಂಡಿ, ನೊಣ, ಕೈ, ಆಹಾರ ಹೀಗೆ ರೋಗಾಣುವಿಗೆ ಬೇರೆ ದಾರಿಗಳೂ ತೆರೆದೇ ಇದ್ದವು. ಈ ಲೇಖನದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೀರನ್ನು ಶುದ್ಧ ಮಾಡುವುದು ಅರ್ಧ ಕೆಲಸ, ಬಾಯಿಗೆ ಮುಟ್ಟುವವರೆಗೆ ಶುದ್ಧವಾಗಿ ಇಟ್ಟುಕೊಳ್ಳುವುದು ಇನ್ನರ್ಧ.

ಇಲ್ಲಿಯ ನೀರೂ ಮೊದಲಿನಿಂದ ಹೀಗಿರಲಿಲ್ಲ

ಅಮೆರಿಕದ ನೀರು ಸ್ವಭಾವತಃ ಶುದ್ಧ, ನಮ್ಮೂರಿನದು ಅಶುದ್ಧ ಎಂದು ಮಕ್ಕಳು ತಿಳಿಯಬಾರದು. 1903ರಲ್ಲಿ ನಮ್ಮ ಪಾಲೊ ಆಲ್ಟೊ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಟೈಫಾಯಿಡ್ ಹರಡಿ ಇನ್ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ವಿದ್ಯಾರ್ಥಿಗಳೂ ಸತ್ತರು. ತನಿಖೆಯ ದಾರಿ ಕೊನೆಗೆ ಮುಟ್ಟಿದ್ದು ಹಾಲಿಗೆ. ಗುಡ್ಡದ ಮೇಲಿನ ಡೈರಿಯೊಂದರಲ್ಲಿ ಕೊಳೆ ಸೇರಿದ ತೊರೆಯ ನೀರಿನಿಂದ ಹಾಲು ಕೆಟ್ಟಿತ್ತು.

ಅಮೆರಿಕದಲ್ಲಿ ಊರಿನ ನೀರಿಗೆ ನಿರಂತರವಾಗಿ ಕ್ಲೋರಿನ್ ಹಾಕುವುದು ಶುರುವಾದದ್ದು 1908ರಲ್ಲಿ, ಜರ್ಸಿ ಸಿಟಿಯಲ್ಲಿ. ಯೊಸೆಮಿಟಿಯ ಹೆಚ್ ಹೆಚಿ ಜಲಾಶಯದ ಹಿಮದ ನೀರು ಬೇ ಏರಿಯಾಕ್ಕೆ ಬಂದದ್ದು 1934ರಲ್ಲಿ. ಅಷ್ಟು ತಿಳಿಯಾದ ನೀರಿಗೂ 2004ರಿಂದ ಕ್ಲೋರಮಿನ್ ಹಾಕುತ್ತಾರೆ. 2011ರಿಂದ ಅಲ್ಟ್ರಾವಯೊಲೆಟ್ ಬೆಳಕನ್ನೂ ಹಾಯಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಪೈಪಿನಲ್ಲಿ ಹಗಲು-ರಾತ್ರಿ ಒತ್ತಡವಿರುತ್ತದೆ. ನಲ್ಲಿಗೆ ಲೋಟ ಹಿಡಿದು ನೇರವಾಗಿ ಕುಡಿಯುವುದರಿಂದ ತುಂಬಿಡುವ ಕೊಡವೂ ನಡುವೆ ಇಲ್ಲ. ಈ ವ್ಯವಸ್ಥೆಯಲ್ಲಿ ಬೆಳೆದ ಮಗುವಿಗೆ ನೀರಿನ ಬಗ್ಗೆ ಯೋಚಿಸುವ ಅಭ್ಯಾಸವೇ ಇರುವುದಿಲ್ಲ. ಹಲ್ಲುಜ್ಜುವಾಗ ನಲ್ಲಿಯ ನೀರನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ. ಸ್ನಾನ ಮಾಡುವಾಗ ಬಾಯಿ ತೆರೆಯುತ್ತದೆ. ಆದ್ದರಿಂದ ಹೊರಡುವ ಮೊದಲೇ ಮಕ್ಕಳಿಗೆ ತಿಳಿಸಿ ಹೇಳಬೇಕು.

ಕಾಯಿಸಿ ಆರಿಸಿದ ನೀರು

ಅಜ್ಜಿಯರು ಹೇಳುತ್ತಿದ್ದ ಕಾಯಿಸಿ ಆರಿಸಿದ ನೀರಿಗೆ ಇಂದಿಗೂ ಸಮನಿಲ್ಲ. ನೀರು ಕೊತಕೊತನೆ ಒಂದು ನಿಮಿಷ ಕುದಿದರೆ ಬ್ಯಾಕ್ಟೀರಿಯಾ, ವೈರಸ್, ಪರಾವಲಂಬಿ ಮೂರೂ ಸಾಯುತ್ತವೆ. ಬೆಚ್ಚಗಾದರೆ ಸಾಲದು, ಗುಳ್ಳೆಯೆದ್ದು ಕುದಿಯಬೇಕು. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಬೇಕು. ತೊಳೆಯದ ಬೇರೆ ಪಾತ್ರೆಗೆ ಬಗ್ಗಿಸಿದರೆ ಪಟ್ಟ ಶ್ರಮವೆಲ್ಲ ನೀರುಪಾಲು! ಐಸ್ ವಿಷಯದಲ್ಲೂ ಎಚ್ಚರಿಕೆ ಬೇಕು. ತಣ್ಣಗೆ ಹೆಪ್ಪುಗಟ್ಟಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕಬ್ಬಿನ ಹಾಲು ತಾಜಾ ಇರಬಹುದು, ಅದರೊಳಗಿನ ಐಸ್ ಯಾವ ನೀರಿನದೋ ಬಲ್ಲವರಾರು?

ಈಗ ಊರಿನ ಬಹಳಷ್ಟು ಮನೆಗಳಲ್ಲಿ ಆರ್‌ಓ ಅಥವಾ ಯುವಿ ಯಂತ್ರವಿದೆ. ಸಮಯಕ್ಕೆ ಸರಿಯಾಗಿ ಸರ್ವಿಸ್ ಮಾಡಿಸಿದ್ದರೆ ಅವು ಒಳ್ಳೆಯವೇ. ಆದರೆ ಯಂತ್ರದಿಂದ ಬಂದ ನೀರಿನಲ್ಲಿ ಉಳಿದು ಕಾಯುವ ಕ್ಲೋರಿನ್ ಇರುವುದಿಲ್ಲ. ಕೈ ಅದ್ದಿದ ಕೂಡಲೇ ಅದೂ ಕೆಡುತ್ತದೆ. ನಲ್ಲಿ ಇರುವ, ಮುಚ್ಚಳ ಇರುವ ಪಾತ್ರೆಯಲ್ಲಿ ತುಂಬಿಡುವುದು ಉತ್ತಮ. ಕೊಡವೇ ಆದರೆ ಉದ್ದ ಹಿಡಿಯ ಸೌಟು ಇರಲಿ. ನೀರು ಬಿಟ್ಟು ಬಿಟ್ಟು ಬರುವ ಊರಾದರೆ ಮೊದಲ ಕೆಲವು ಬಕೆಟ್ ನೀರನ್ನು ಗಿಡಕ್ಕೋ ಅಂಗಳಕ್ಕೋ ಹಾಕಿ, ನಂತರದ್ದನ್ನು ಕುಡಿಯಲು ಹಿಡಿಯಿರಿ.

ತಾಮ್ರದ ಚೊಂಬಿನ ಬಗ್ಗೆ ಹಿರಿಯರು ಹೇಳಿದ್ದರಲ್ಲೂ ಸತ್ಯವಿದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲರಾ, ಶಿಗೆಲ್ಲಾ, ಟೈಫಾಯಿಡ್ ಮತ್ತು ಇ. ಕೋಲೈ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಮತ್ತೆ ಬೆಳೆಯಲಿಲ್ಲ. ಹಳೆಯ ಸೀರೆಯನ್ನು ಮಡಿಸಿ ನೀರು ಸೋಸುವುದರಿಂದಲೂ ಪ್ರಯೋಜನವಿದೆ. ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೀಗೆ ಮಾಡಿಸಿ ಕಾಲರಾ ಶೇ. 48ರಷ್ಟು ಇಳಿದದ್ದನ್ನು 2003ರಲ್ಲಿ ತೋರಿಸಿದರು. ಕಾಲರಾ ಬ್ಯಾಕ್ಟೀರಿಯಾ ಅಂಟಿಕೊಂಡಿರುವ ಸಣ್ಣ ಜಲಜೀವಿಗಳನ್ನು ಬಟ್ಟೆ ತಡೆಯುವುದೇ ಇದರ ಗುಟ್ಟು. ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ನಿಲ್ಲದು. ಹಾಗಾಗಿ ತಾಮ್ರವೂ ಸೀರೆಯೂ ಕುದಿಸುವುದಕ್ಕೆ ಜೊತೆ, ಬದಲಿಯಲ್ಲ. ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ, ನಿಂಬೆ ಪಾನಕ ಇಡಬೇಡಿ.

ಕೈ ಮತ್ತು ಬಾಯಿ

ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆ ದುಡಿಮೆಗೆ ಸರಿ. ಊಟಕ್ಕೆ ಕೂತಾಗ ಕೈಯ ಕೆಸರು ಬಾಯಿಗೆ ರೋಗವೇ. ಪಾಕಿಸ್ತಾನದ ಕರಾಚಿಯ ಬಡ ಬಡಾವಣೆಗಳಲ್ಲಿ ಸ್ಟೀಫನ್ ಲೂಬಿ ಮತ್ತು ಸಂಗಡಿಗರು ಮನೆಗಳಿಗೆ ಸೋಪು ಕೊಟ್ಟು, ಕೈ ತೊಳೆಯುವ ಅಭ್ಯಾಸ ಮಾಡಿಸಿದರು. ಆ ಮನೆಗಳ ಮಕ್ಕಳಲ್ಲಿ ಭೇದಿ ಶೇ. 53ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ವರದಿ ಮಾಡಿದರು. ಲೂಬಿಯವರು ಮುಂದೆ ನಮ್ಮ ಸ್ಟ್ಯಾನ್‌ಫರ್ಡ್‌ಗೇ ಬಂದರು. ವಿಶೇಷ ಔಷಧಿಯ ಸೋಪು ಬೇಕಿಲ್ಲ, ಸಾಮಾನ್ಯ ಸೋಪೇ ಅಷ್ಟು ಕೆಲಸ ಮಾಡಿತ್ತು. ಶೌಚಕ್ಕೆ ಹೋಗಿ ಬಂದ ಮೇಲೆ, ಮಗುವಿನ ಡಯಾಪರ್ ಬದಲಿಸಿದ ಮೇಲೆ, ಅಡುಗೆಗೆ ಮುಂಚೆ, ಉಣ್ಣುವ ಮತ್ತು ಉಣಿಸುವ ಮುಂಚೆ ಸೋಪು ಹಾಕಿ ತೊಳೆಯಬೇಕು. ಕೈಗೆ ಬರೀ ನೀರು ಚಿಮುಕಿಸಿಕೊಂಡರೆ ಸಾಲದು.

ನೆಂಟರ ಮನೆಯಲ್ಲಿ ಸಂಕೋಚ ನಮ್ಮನ್ನು ಕಟ್ಟಿಹಾಕುತ್ತದೆ. ಪ್ರೀತಿಯಿಂದ ತಂದುಕೊಟ್ಟ ಪಾನಕ, ನೀರುಮಜ್ಜಿಗೆ ಬೇಡವೆನ್ನುವುದು ಹೇಗೆ? "ಅತ್ತೆ, ಮಗುವಿಗೆ ಹೊಟ್ಟೆ ಸೂಕ್ಷ್ಮ, ಕಾಯಿಸಿದ ನೀರಿದ್ದರೆ ಕೊಡಿ" ಎಂದರೆ ಯಾವ ಅತ್ತೆಯೂ ಬೇಸರ ಮಾಡಿಕೊಳ್ಳುವುದಿಲ್ಲ. ಬಿಸಿ ಬಿಸಿ ಹಾಲು, ಕಾಫಿ, ಬಿಸಿಬೇಳೆ ಭಾತ್, ಹಬೆಯಾಡುವ ಇಡ್ಲಿ, ನಾವೇ ಸಿಪ್ಪೆ ಸುಲಿದ ಬಾಳೆಹಣ್ಣು, ಕಣ್ಣೆದುರು ಕೆತ್ತಿಸಿ ಕುಡಿದ ಎಳನೀರು ಇವೆಲ್ಲ ಧೈರ್ಯವಾಗಿ ತೆಗೆದುಕೊಳ್ಳಬಹುದು. ತೊಳೆದ ನೀರು ಯಾವುದೆಂದು ತಿಳಿಯದ ಹಸಿ ಕೋಸಂಬರಿ, ಬೀದಿಯ ಪಾನಿಪುರಿ, ಹೆಚ್ಚಿಟ್ಟ ಹಣ್ಣು ಚಿಕ್ಕ ಮಕ್ಕಳಿಗೆ ಬೇಡ. ಆರು ತಿಂಗಳವರೆಗೆ ಎದೆಹಾಲು ಒಂದೇ ಸಾಕು. ಅಂಥ ಶಿಶುವಿಗೆ ನೀರು ಕುಡಿಸಬೇಕಾಗಿಯೇ ಇಲ್ಲ.

ಪ್ರವಾಸಕ್ಕೆ ಒಂದೆರಡು ತಿಂಗಳು ಮೊದಲೇ ಮಕ್ಕಳ ವೈದ್ಯರನ್ನು ಕಂಡು ಲಸಿಕೆಗಳ ಬಗ್ಗೆ ಕೇಳಿ. "ನಾವು ಅಲ್ಲಿಯವರೇ ತಾನೆ" ಎಂದು ನೆಂಟರ ಮನೆಗೆ ಹೋಗುವವರು ಟೈಫಾಯಿಡ್ ಲಸಿಕೆ ಹಾಕಿಸಿಕೊಳ್ಳದೆ ಹೋಗುವುದೇ ಹೆಚ್ಚು. ಅಮೆರಿಕದಲ್ಲಿ ಟೈಫಾಯಿಡ್ ಚುಚ್ಚುಮದ್ದು ಎರಡು ವರ್ಷ ತುಂಬಿದವರಿಗೆ ಸಿಗುತ್ತದೆ. ಹೊರಡುವ ಕನಿಷ್ಠ ಎರಡು ವಾರ ಮುಂಚೆ ಹಾಕಿಸಬೇಕು. ಅದು ಪೂರ್ತಿ ರಕ್ಷಣೆ ಕೊಡುವುದಿಲ್ಲವಾದ್ದರಿಂದ ನೀರಿನ ಎಚ್ಚರ ಬಿಡುವಂತಿಲ್ಲ.

ಭೇದಿ ಶುರುವಾದರೆ

ಭೇದಿಯಲ್ಲಿ ಮಗುವಿನ ಜೀವಕ್ಕೆ ದೊಡ್ಡ ಅಪಾಯ ದೇಹದಿಂದ ನೀರು-ಉಪ್ಪು ಹೋಗುವುದರಿಂದ. ಅದನ್ನು ತುಂಬುವ ಉಪಾಯವೇ ಓಆರ್‌ಎಸ್. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಎರಡೂ ಕೈಹಿಡಿದು ಬಂದರೆ ಮಾತ್ರ ತೆರೆಯುವ ಒಂದು ಬಾಗಿಲಿದೆ. ಎಂಥ ಭೇದಿಯಲ್ಲೂ ಆ ಬಾಗಿಲು ಬಹುಮಟ್ಟಿಗೆ ಕೆಲಸ ಮಾಡುತ್ತಿರುತ್ತದೆ. ಅವೆರಡರ ಹಿಂದೆ ನೀರೂ ಒಳಗೆ ಬರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸಲೈನ್ ಮುಗಿಯುತ್ತ ಬಂದದ್ದನ್ನು ಕಂಡ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ಶೇ. 30 ಇದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಪ್ರವಾಸದ ಚೀಲದಲ್ಲಿ ನಾಲ್ಕಾರು ಓಆರ್‌ಎಸ್ ಪೊಟ್ಟಣ ಇರಲೇಬೇಕು. ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿಗೆ ಪೂರ್ತಿ ಪೊಟ್ಟಣ ಬೆರೆಸಿ, 24 ಗಂಟೆಯೊಳಗೆ ಮುಗಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಮಟ್ಟ ಮಾಡಿದ ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಪ್ರತಿ ಬಾರಿ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರು ಮಾಡಿ.

ಅಂಗಡಿಯಲ್ಲಿ ಓಆರ್‌ಎಸ್ ಕೊಳ್ಳುವಾಗ ಚೀಟಿ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳೂ ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಬಳಸಬಾರದೆಂದು ಆದೇಶಿಸಿತು. ಅತಿ ಸಿಹಿಯಾದ ಜ್ಯೂಸ್, ಸೋಡಾ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತವೆ. ಎಳನೀರು ಹಿತವೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಓಆರ್‌ಎಸ್ ಜಾಗದಲ್ಲಿ ಅದು ನಿಲ್ಲದು.

ಹೊಟ್ಟೆಗೆ ಬಿಡುವು ಕೊಡಬೇಕೆಂದು ಮಗುವನ್ನು ಉಪವಾಸ ಕೆಡವಬೇಡಿ. ಎದೆಹಾಲು ನಿಲ್ಲಿಸಬೇಡಿ. ಉಪ್ಪು ಹಾಕಿದ ಗಂಜಿ, ಮೆತ್ತಗಿನ ಮೊಸರನ್ನ, ಬಾಳೆಹಣ್ಣು ಕೊಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನೂ, ಹಿಂದೆ ಉಳಿದ ಆಂಟಿಬಯೋಟಿಕ್ಕನ್ನೂ ವೈದ್ಯರನ್ನು ಕೇಳದೆ ಕೊಡಲೇಬಾರದು. ರಕ್ತಭೇದಿ ತರುವ ಕೆಲವು ಇ. ಕೋಲೈ ತಳಿಗಳಲ್ಲಿ ಇವು ಮೂತ್ರಪಿಂಡಕ್ಕೆ ಹಾನಿಯಾಗುವ ಸಂಭವವನ್ನು ಹೆಚ್ಚಿಸಬಹುದು.

ಈ ಲಕ್ಷಣಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರ ಬಳಿ ಹೋಗಿ: ಮಲದಲ್ಲಿ ರಕ್ತ, ಹೆಚ್ಚು ಜ್ವರ, ಕುಡಿದದ್ದೆಲ್ಲ ವಾಂತಿ, ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ಅತ್ತರೆ ಕಣ್ಣೀರಿಲ್ಲ, ಒಣಗಿದ ಬಾಯಿ, ಗುಳಿಬಿದ್ದ ಕಣ್ಣು ಅಥವಾ ನೆತ್ತಿ, ಮಗು ಮಂಕಾಗಿ ಏಳದಿರುವುದು. ಆರು ತಿಂಗಳೊಳಗಿನ ಶಿಶುವಾದರೆ ಕಾಯುವುದೇ ಬೇಡ. ವಾಪಸು ಬಂದ ಒಂದು ತಿಂಗಳೊಳಗೆ ಜ್ವರ ಬಂದರೆ "ನಾವು ಭಾರತಕ್ಕೆ ಹೋಗಿದ್ದೆವು" ಎಂದು ಇಲ್ಲಿಯ ವೈದ್ಯರಿಗೆ ಮೊದಲೇ ಹೇಳಿ. ಆ ಒಂದು ಮಾತು ಇಲ್ಲದಿದ್ದರೆ ಟೈಫಾಯಿಡ್ ಅವರ ಯೋಚನೆಗೇ ಬಾರದಿರಬಹುದು.

ನಮ್ಮ ಕೈಲಾದದ್ದು

ನಮ್ಮಲ್ಲಿ ಹಲವರು ತಾವು ಓದಿದ ಶಾಲೆಗೆ ಏನಾದರೂ ಮಾಡಬೇಕೆಂದು ಹಂಬಲಿಸುವವರು. ನೀರಿನ ಯಂತ್ರ ಕೊಡಿಸಿ ಫೋಟೋ ತೆಗೆಸಿಕೊಂಡು ಬರುವುದು ಸುಲಭ. ಫಿಲ್ಟರ್ ಬದಲಿಸಲು ವರ್ಷ ವರ್ಷ ಹಣ ಯಾರು ಕೊಡುತ್ತಾರೆ, ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ, ನೀರು ತುಂಬುವ ಪಾತ್ರೆಗೆ ಮುಚ್ಚಳ, ನಲ್ಲಿ ಇದೆಯೇ, ಶೌಚಾಲಯದ ಪಕ್ಕದಲ್ಲಿ ಸೋಪು ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ ಅದಕ್ಕೂ ಹಣ ತೆಗೆದಿಡೋಣ. ಹುಬ್ಬಳ್ಳಿ-ಧಾರವಾಡ ಕಲಿಸಿದಂತೆ, ನಲ್ಲಿಯಲ್ಲಿ ಶುದ್ಧ ನೀರು ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೊನೆಯ ಹತ್ತಡಿಗೆ ಬೇಕಾದ ಮುಚ್ಚಳ, ಸೌಟು, ಸೋಪುಗಳ ಖರ್ಚು ಬಹಳ ಕಡಿಮೆ; ಅವುಗಳನ್ನು ಮರೆತರೆ ದೊಡ್ಡ ಯಂತ್ರದ ಖರ್ಚೂ ವ್ಯರ್ಥ.

ಎಲ್ಲರ ಮಕ್ಕಳೂ ಆರೋಗ್ಯವಾಗಿರಲಿ, ಊರಿನ ಪ್ರವಾಸ ಸುಖಕರವಾಗಲಿ ಎಂದು ಹಾರೈಸುತ್ತೇವೆ.